ಚಂದ್ರ ಆದ ಮೇಲಿನ ಪುಟ

ಸಾನ್ ಗಾಬ್ರಿಯೆಲ್
8 ಸೆಪ್ಟೆಂಬರ್ 1996

ನಾನಾಯ್,

ತೀತಾ ಲೂದ್ ನಮ್ಮ ಶಾಲಾ ಪತ್ರಿಕೆಯ ಒಂದು ಪ್ರತಿಯನ್ನು ಮಾನೊಯ್ ತೊಮಾಸರ ದೋಣಿಯಲ್ಲಿ ನಿನಗೆ ಕಳಿಸಿಬಿಟ್ಟಿದ್ದಾಳೆ. ಅವಳ ಮನೆಯಲ್ಲೇ ಇದ್ದರೂ ನನ್ನನ್ನು ಒಂದು ಮಾತು ಕೇಳಲಿಲ್ಲ. "ನಿಮ್ಮಮ್ಮ ನೋಡಿ ಖುಷಿಪಡ್ಲಿ ಬಿಡೇ" ಎಂದಳು. ನೀನು ಖುಷಿಪಟ್ಟಾಗಿದ್ದರೆ ಅದನ್ನು ವಾಪಸು ತಗೊ. ಮೂರನೇ ಪುಟದಲ್ಲಿ 'ನಮ್ಮ ಶಾಲೆಯ ಶ್ರೀಮಂತ ಗ್ರಂಥಾಲಯ' ಎಂಬ ಲೇಖನದ ಕೆಳಗೆ ಆರಾಸೆಲಿ ಬೊರ್ಬೆ ಎಂದು ದಪ್ಪಕ್ಷರದಲ್ಲಿದೆಯಲ್ಲ, ಆ ಹೆಸರೊಂದನ್ನು ಬಿಟ್ಟರೆ ಅದರಲ್ಲಿ ಒಂದಕ್ಷರವೂ ನನ್ನದಲ್ಲ.

ನಡೆದದ್ದು ಇಷ್ಟು. ಮನಿಲಾದಿಂದ ತಪಾಸಣೆಯವರು ಬರುತ್ತಾರೆ ಎಂದಾಗ ಶಾಲೆಗೆ ಮದುವೆಯ ಕಳೆ ಬಂತು. ಗೋಡೆಗೆ ಬಣ್ಣ, ಕಿಟಕಿಗೆ ಪರದೆ, ಮೆಟ್ಟಿಲಿಗೆ ಹೂಕುಂಡ. ಹಿಂದಿನ ದಿನ ಜಿಲ್ಲಾ ಶಿಕ್ಷಣ ಕಚೇರಿಯ ಲಾರಿ ಬಂದು ಪುಸ್ತಕದ ಪೆಟ್ಟಿಗೆಗಳನ್ನು ಇಳಿಸಿತು. ವರ್ಷವೆಲ್ಲ ಮುರಿದ ಬೆಂಚು ತುಂಬಿಡುವ ಕೋಣೆ ಸಂಜೆಯೊಳಗೆ ಗ್ರಂಥಾಲಯವಾಯಿತು. ಬಂದವರು ನೋಡಿದರು, ತಲೆದೂಗಿದರು, ಕೋಳಿ ತಿಂದು ಹೋದರು. ಮರುದಿನ ಅದೇ ಲಾರಿ ಬಂದು ಪುಸ್ತಕಗಳನ್ನು ತುಂಬಿಕೊಂಡಿತು. ಪೆಟ್ಟಿಗೆ ಹೊರಲು ನಮ್ಮನ್ನೇ ಕರೆದಿದ್ದರು.

ಹೊರುವಾಗ ನನ್ನ ಕೈಗೆ ಏನು ಬಂತು ಗೊತ್ತಾ? ಇಂಗ್ಲಿಷ್ ವಿಶ್ವಕೋಶದ 'ಎಂ' ಸಂಪುಟ. ಉಪ್ಪುನೀರು ಕುಡಿದು ಬ್ರೆಡ್ಡಿನ ಹಾಗೆ ಉಬ್ಬಿದ್ದು, ಮುಚ್ಚಿದರೂ ಮುಚ್ಚಿಕೊಳ್ಳದ್ದು. ನಾನು ಹತ್ತು ವರ್ಷದವಳಿದ್ದಾಗ ನಮ್ಮ ದ್ವೀಪದ ದಡದಲ್ಲಿ ದೋಣಿಯಿಂದ ನೀರಿಗೆ ಬಿದ್ದಿತ್ತಲ್ಲ, ಅದೇ. ನೀನು ಶಾಲೆಯ ತಗಡಿನ ಛಾವಣಿ ಹತ್ತಿ ಒಣಗಿಸಿದ್ದೆ. ನಾನು ಕದ್ದು ಓದುತ್ತಾ ಚಂದ್ರನವರೆಗೆ ಬಂದಿದ್ದೆ. ಮುಂದಿನ ಪುಟಗಳು ಅಂಟಿಕೊಂಡಿದ್ದವು. ಚಾಕು ತಂದಾಗ ನೀನು ಕಿತ್ತುಕೊಂಡೆ. "ಹಾಳು ಮಾಡ್ಬೇಡ, ನಾಳೆ ವಾಪಸ್ ಕೊಡ್ಬೇಕು" ಎಂದೆ. ಯಾರಿಗೆ ವಾಪಸ್ ಎಂದು ಕೇಳುವ ಬುದ್ಧಿ ಆಗ ನನಗಿರಲಿಲ್ಲ.

ಲಾರಿಯಲ್ಲಿ ತಿರುಗುವ ಈ ಗ್ರಂಥಾಲಯದ ಬಗ್ಗೆ ನಾನು ಬರೆದೆ. ದ್ವೀಪದ ಹೆಸರು ಎತ್ತಲಿಲ್ಲ. ಪತ್ರಿಕೆ ನೋಡಿಕೊಳ್ಳುವ ಮ್ಯಾಮ್ ಇಂಪೀರಿಯಲ್ ಎರಡು ಸಲ ಓದಿದರು. "ಚೆನ್ನಾಗಿದೆ. ಅದೇ ತೊಂದ್ರೆ" ಎಂದು ಮುಖ್ಯೋಪಾಧ್ಯಾಯರ ಕೋಣೆಗೆ ಒಯ್ದರು. ಅಲ್ಲಿಂದ ಹೊರಬಂದದ್ದು ಶ್ರೀಮಂತ ಗ್ರಂಥಾಲಯ. ಅದನ್ನು ಬರೆದವರು ಮುಖ್ಯೋಪಾಧ್ಯಾಯರೇ, ಕೆಳಗೆ ಹೆಸರು ಮಾತ್ರ ನನ್ನದು.

ಲೇಖನ ಹಾಕದಿದ್ದರೆ ಸಿಟ್ಟು ಬಂದು ಇಳಿದುಹೋಗುತ್ತಿತ್ತು. ನನ್ನ ಹೆಸರನ್ನು ಸುಳ್ಳಿನ ಕೆಳಗೆ ಇಟ್ಟರಲ್ಲ, ಅದು ಇಳಿಯುತ್ತಿಲ್ಲ. ಆ ಹೆಸರನ್ನು ನಾನು ವಾಪಸು ಪಡೆದೇ ಪಡೆಯುತ್ತೇನೆ.

ಈಗ ನೀನು ಹೇಳು. ಆ ಪುಸ್ತಕಗಳು ನಮ್ಮವಲ್ಲ ಎಂದು ನಿನಗೆ ಗೊತ್ತಿತ್ತಾ? ಹೌದು ಅಥವಾ ಇಲ್ಲ ಎಂದು ಬರಿ ಸಾಕು.

ನಿನ್ನ ಸೆಲಿ


ಸಾಂತಾ ಇನೆಸ್ ದ್ವೀಪ
22 ಸೆಪ್ಟೆಂಬರ್ 1996

ನೆನೆ,

ಹೌದು.

ಪ್ರಶ್ನೆಗೆ ಉತ್ತರ ಮುಗಿಯಿತು. ಈಗ ಉಳಿದದ್ದು ಕೇಳು ಮಗಳೇ. ಪತ್ರಿಕೆ ನಿನ್ನ ಪತ್ರಕ್ಕಿಂತ ಮೊದಲೇ ಬಂತು. ಮೂರನೇ ಪುಟವನ್ನು ಕತ್ತರಿಸಿ ಗೋಡೆಗೆ ಅಂಟಿಸಿದೆ. ಪಕ್ಕದ ಮನೆಯವರೆಲ್ಲ ಬಂದು ನೋಡಿ, "ಮಗಳು ಪೇಪರಲ್ಲಿ ಬಂದ್ಲು ಟೀಚರ್, ಇನ್ನು ನಮ್ಮನ್ನೆಲ್ಲ ಮಾತಾಡಿಸ್ತಾಳೋ ಇಲ್ವೋ" ಎಂದು ಕಾಫಿ ಕುಡಿದು ಹೋದರು. ಆಮೇಲೆ ನಿನ್ನ ಪತ್ರ ಬಂತು. ಕಿತ್ತು ಹಾಕೋಣವೆಂದರೆ ಅಂಟು ಗಟ್ಟಿಯಾಗಿದೆ, ಗೋಡೆಯ ಬಣ್ಣವೇ ಬರುತ್ತದೆ. ಹಾಗೆಯೇ ಇದೆ.

ಪುಸ್ತಕ ಬರುತ್ತದೆ, ಹೋಗುತ್ತದೆ. ನಾನು ಬಟ್ಟೆ ಹಾಸಿ ಜೋಡಿಸುತ್ತೇನೆ, ಧೂಳು ಒರೆಸಿ ಕಟ್ಟುತ್ತೇನೆ. ಮಕ್ಕಳನ್ನು ದೂರ ನಿಲ್ಲಿಸುತ್ತೇನೆ. ಬೇರೆ ಶಾಲೆಯ ಟೀಚರುಗಳೂ ಇದನ್ನೇ ಮಾಡುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟುವುದಕ್ಕೆ ಇಡೀ ಜಿಲ್ಲೆಯಲ್ಲಿ ನನ್ನ ಮಗಳೇ ಆಗಬೇಕಿತ್ತೇ?

ನಿನಗೆ ಹಾಲುಹಲ್ಲು ಬೀಳುತ್ತಿದ್ದ ಕಾಲದಿಂದ ನಾನು ಹಂಗಾಮಿ ಟೀಚರ್. ಪ್ರತಿ ಜೂನ್‌ನಲ್ಲಿ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಉಗುರು ಕಚ್ಚುತ್ತೇನೆ. ಈ ಸಲ ಕಾಯಂ ಹುದ್ದೆಯ ಕಾಗದ ಸೂಪರಿಂಟೆಂಡೆಂಟರ ಮೇಜಿನವರೆಗೆ ಹೋಗಿದೆ. ಆ ಲಾರಿಯೂ ಅವರದೇ, ಆ ಮೇಜೂ ಅವರದೇ. ಅರ್ಥವಾಯಿತಲ್ಲ.

ನವೆಂಬರಿನಲ್ಲಿ ನಾಗಾ ನಗರದಲ್ಲಿ ನಡೆಯುವ ಶಾಲಾ ಪತ್ರಕರ್ತರ ಸ್ಪರ್ಧೆಗೆ, ಅದೇ ಪ್ರೆಸ್‌ಕಾನ್‌ಗೆ ನಿನ್ನ ಹೆಸರು ಆಯ್ಕೆಯಾಗಿದೆ ಎಂದು ಲೂದ್ ಬರೆದಿದ್ದಾಳೆ. ಹೋಗು. ಕೊಟ್ಟ ವಿಷಯದ ಮೇಲೆ ಚಂದವಾಗಿ ಬರಿ, ಪದಕ ತಗೊ, ನಾಲ್ಕು ಊರಿನ ಮಕ್ಕಳನ್ನು ನೋಡು. ಉಳಿದದ್ದು ನಿನ್ನ ಹೊಟ್ಟೆಯಲ್ಲೇ ಇರಲಿ.

ಒಣಮೀನು ಕಳಿಸಿದ್ದೇನೆ. ಎಲ್ಲವನ್ನೂ ಲೂದ್‌ಳ ಗಂಡನಿಗೆ ಬಡಿಸಬೇಡ.

ನಿನ್ನ ನಾನಾಯ್


ಸಾನ್ ಗಾಬ್ರಿಯೆಲ್
13 ಅಕ್ಟೋಬರ್ 1996

ನಾನಾಯ್,

ಒಣಮೀನು ಮುಗಿಯಿತು. ಉಳಿದದ್ದು ಹೊಟ್ಟೆಯಲ್ಲೇ ಇರಲಿ ಎಂದೆಯಲ್ಲ, ಅದು ಮುಗಿಯುತ್ತಿಲ್ಲ.

ನಿನ್ನೆ ಮ್ಯಾಮ್ ಇಂಪೀರಿಯಲ್ ನಮ್ಮ ನಾಲ್ವರನ್ನು ಜ್ವಾಲಾಮುಖಿಯ ಕೆಳಗಿನ ಕಲ್ಲುಹೊಳೆಗೆ ಅಭ್ಯಾಸಕ್ಕೆ ಕರೆದುಕೊಂಡು ಹೋಗಿದ್ದರು. ಜೀಪ್ನಿಯಲ್ಲಿ ಹಾಡುತ್ತಾ ಹೋದೆವು, ಎಲೆಯಲ್ಲಿ ಕಟ್ಟಿದ ಅನ್ನ ತಿಂದೆವು. ಆಮೇಲೆ ಮ್ಯಾಮ್, "ಕಣ್ಣಿಗೆ ಕಂಡದ್ದನ್ನ ಮಾತ್ರ ಬರೀರಿ" ಎಂದರು. ಬೆಳಗ್ಗಿನಿಂದ ಬೆಟ್ಟದ ಮೇಲೆ ಮೋಡ ಕೂತಿತ್ತು, ಬುಡ ಕೂಡ ಕಾಣುತ್ತಿರಲಿಲ್ಲ. ಉಳಿದ ಮೂವರೂ ಬೆಟ್ಟದ ಸೊಬಗಿನ ಮೇಲೆ ಪುಟ ತುಂಬಿಸಿದರು. ನಾನು ಕಲ್ಲು ಒಡೆಯುತ್ತಿದ್ದ ಹೆಂಗಸಿನ ಬಗ್ಗೆ, ಅವಳು ಹೆಬ್ಬೆರಳಿಗೆ ಸುತ್ತಿಕೊಂಡಿದ್ದ ಟೈರಿನ ತುಂಡಿನ ಬಗ್ಗೆ ಬರೆದೆ.

"ಬೆಟ್ಟ ಎಲ್ಲಮ್ಮ?" ಎಂದರು ಮ್ಯಾಮ್.

"ಮೋಡದ ಹಿಂದಿತ್ತು ಮ್ಯಾಮ್. ಕಾಣಿಸ್ಲಿಲ್ಲ."

"ಇಡೀ ಜಗತ್ತಿಗೆ ಗೊತ್ತಿರೋ ಬೆಟ್ಟ ಕಣೇ ಅದು."

"ಬೆಟ್ಟ ಇರ್ಲಿಲ್ಲ ಅಂತ ನಾನೆಲ್ಲಿ ಹೇಳ್ದೆ?"

ಅವರು ನಕ್ಕರೂ ನಗದ ಹಾಗೆ ಮುಖ ತಿರುಗಿಸಿದರು. ಹಿಂತಿರುಗುವಾಗ ಒಂದು ಎಚ್ಚರಿಕೆ ಕೊಟ್ಟರು. ಪ್ರೆಸ್‌ಕಾನ್‌ನಲ್ಲಿ ಉತ್ತರಪತ್ರಿಕೆಯ ಮೇಲೆ ಹೆಸರಾಗಲಿ ಶಾಲೆಯಾಗಲಿ ಇರಬಾರದು, ಕೊಟ್ಟ ಅಂಕಿ ಮಾತ್ರ. "ಒಂದು ಇನಿಶಿಯಲ್ ಕಂಡ್ರೂ ಔಟ್. ಹೋದ ವರ್ಷ ಒಬ್ಬಳು ಮೂಲೇಲಿ ಹೃದಯದ ಚಿತ್ರ ಬರ್ದಿದ್ಲು, ಅದಕ್ಕೂ ಔಟ್." ಹೆಸರು ಬೇಡದ ಕಡೆ ನನ್ನ ಹೆಸರು ಹಾಕಿದ ಮುಖ್ಯೋಪಾಧ್ಯಾಯರನ್ನು ಯಾರು ಔಟ್ ಮಾಡುತ್ತಾರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನೋಡು, ನಾನು ನಿನ್ನ ಮಾತು ಕೇಳುತ್ತಿದ್ದೇನೆ.

ಆ ಕಾಗದವನ್ನು ಗೋಡೆಯಿಂದ ತೆಗೆ. ಬಣ್ಣ ಬಂದರೆ ಬರಲಿ.

ಸೆಲಿ


ಸಾಂತಾ ಇನೆಸ್ ದ್ವೀಪ
2 ನವೆಂಬರ್ 1996

ನೆನೆ,

ನಿನ್ನೆ ಸತ್ತವರ ಹಬ್ಬ, ಇಡೀ ದಿನ ಸ್ಮಶಾನದಲ್ಲೇ ಕಳೆದೆ. ನೀನಿಲ್ಲದೆ ಇದು ಮೊದಲ ವರ್ಷ. ಬೆಳಗ್ಗೆಯೇ ಅನ್ನ, ಕೆಸುವಿನೆಲೆಯ ಲಾಯಿಂಗ್ ಪಲ್ಯ, ಮೇಣದಬತ್ತಿ, ಚಾಪೆ ಎಲ್ಲ ಹೊತ್ತುಕೊಂಡು ಹೋದೆ. ಊರಿಗೆ ಊರೇ ಅಲ್ಲಿತ್ತು. ತೊಮಾಸ್ ತನ್ನ ಅಜ್ಜನ ಸಮಾಧಿಯ ಮೇಲೆ ಕೂತು ಇಸ್ಪೀಟು ಆಡಿ ಸೋತ. "ಅಜ್ಜ ಬದುಕಿದ್ದಾಗ್ಲೂ ಹಿಂಗೇ, ನಂಗೆ ಒಳ್ಳೆ ಎಲೆ ಬರೋಕೆ ಬಿಡ್ತಿರ್ಲಿಲ್ಲ" ಎಂದು ಬೈದ.

ನಿನ್ನಪ್ಪನ ಶಿಲುಬೆಯ ಮೇಲೆ ಹೆಸರು ಈ ಸಲವೂ ಅಳಿಸಿತ್ತು. ಸಮುದ್ರದ ಗಾಳಿಗೆ ಬಣ್ಣ ನಿಲ್ಲುವುದಿಲ್ಲ. ಪ್ರತಿ ವರ್ಷದ ಹಾಗೆ ಕಪ್ಪು ಬಣ್ಣದಲ್ಲಿ ಮತ್ತೆ ಬರೆದೆ. ಪಕ್ಕದ ಸಮಾಧಿಯ ಮುದುಕಿ, "ಮುಂದಿನ ವರ್ಷ ಮತ್ತೆ ಅಳಿಸುತ್ತಲ್ಲ ಟೀಚರ್, ಸುಮ್ನೆ ಯಾಕೆ?" ಎಂದಳು. ಹೆಸರಿಲ್ಲದೆ ಮಲಗಿಸಲು ನನಗೆ ಮನಸ್ಸಾಗುವುದಿಲ್ಲ ಎಂದೆ. ಮನೆಗೆ ಬರುವಾಗ ನಿನ್ನ ಮೇಲೆ ಸಿಟ್ಟು ಬಂತು. ಯಾಕೆಂದು ನಿನಗೆ ಗೊತ್ತಿದೆ, ಬಿಡಿಸಿ ಹೇಳುವುದಿಲ್ಲ.

ಗೋಡೆಯ ಕಾಗದ ತೆಗೆದೆ. ಬಣ್ಣ ಬಂತು.

ನಾಗಾದಲ್ಲಿ ಬೇಯಿಸಿದ ನೀರನ್ನೇ ಕುಡಿ. ಮತ್ತು ವಿಷಯ ಬಿಟ್ಟು ಬರೆಯಬೇಡ.

ನಿನ್ನ ನಾನಾಯ್


ಸಾನ್ ಗಾಬ್ರಿಯೆಲ್
30 ನವೆಂಬರ್ 1996

ನಾನಾಯ್,

ಬೇಯಿಸಿದ ನೀರನ್ನೇ ಕುಡಿದೆ. ವಿಷಯ ಬಿಟ್ಟು ಬರೆಯಲಿಲ್ಲ. ಆದರೂ ಔಟ್ ಆದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಆರಾಮವಾಗಿ ಸಿಟ್ಟು ಮಾಡಿಕೊಳ್ಳಬಹುದು.

ನಾಗಾದ ಒಂದು ಶಾಲೆಯಲ್ಲಿ ನಮ್ಮೆಲ್ಲರನ್ನು ಇಳಿಸಿದ್ದರು. ತರಗತಿಗಳೇ ಮಲಗುವ ಕೋಣೆ. ಬೆಂಚು ಜೋಡಿಸಿ, ಮೇಲೆ ರಟ್ಟು ಹಾಸಿ ಮಲಗಿದೆವು. ಮಸ್ಬಾತೆಯ ಹುಡುಗಿಯರು ಅಕ್ಕಿ ಬೇಯಿಸುವ ಕುಕ್ಕರ್ ತಂದಿದ್ದರು, ನಾವು ಮೀನಿನ ಡಬ್ಬಿ ತಂದಿದ್ದೆವು, ಹೀಗೆ ಎರಡು ಜಿಲ್ಲೆಗಳಿಗೆ ನಂಟಸ್ತನವಾಯಿತು. ಸ್ನಾನಕ್ಕೆ ಕೋಳಿ ಕೂಗುವ ಮೊದಲೇ ಸಾಲು. ಸಾಲಿನಲ್ಲಿ ನಿಂತವರೆಲ್ಲ ಟವೆಲು ಹೆಗಲಿಗೆ ಹಾಕಿಕೊಂಡು ತಲೆಬರಹಗಳ ಬಗ್ಗೆ ಜಗಳವಾಡುತ್ತಿದ್ದರು. ಅಷ್ಟೊಂದು ಜನ ನನ್ನ ಹಾಗೆಯೇ ಇರುವುದನ್ನು ನಾನು ಎಲ್ಲೂ ನೋಡಿರಲಿಲ್ಲ. ನನಗೆ ಆ ಸಾಲಿನಲ್ಲೇ ಉಳಿದುಬಿಡಬೇಕೆನಿಸಿತು.

ಉದ್ಘಾಟನೆಯ ದಿನ ದೊಡ್ಡವರೊಬ್ಬರು ನಿಮ್ಮ ಪೆನ್ಸಿಲೇ ಸತ್ಯದ ದೀಪ ಎಂದು ಊಟದ ಹೊತ್ತು ಮೀರುವವರೆಗೆ ಮಾತಾಡಿದರು. ಮಸ್ಬಾತೆಯ ಹುಡುಗಿ ನನ್ನ ಕಿವಿಯಲ್ಲಿ, "ದೀಪ ಆರಿಸಿ ಊಟಕ್ಕೆ ಬಿಡಿ ಅಂತ ಯಾರಾದ್ರೂ ಹೇಳ್ರೇ" ಎಂದಳು.

ಮರುದಿನ ಸ್ಪರ್ಧೆ. ಮೇಷ್ಟ್ರುಗಳನ್ನು ಗೇಟಿನ ಹೊರಗೆ ಹಾಕಿದ್ದರು. ಅವರೆಲ್ಲ ಬೇಲಿಯ ಸರಳು ಹಿಡಿದು, "ಉಸಿರು ಬಿಡ್ರೋ, ಅಂಕಿ ಬರೀರೋ, ಹೆಸರು ಬೇಡ್ರೋ" ಎಂದು ಕೂಗುತ್ತಿದ್ದರು. ಒಳಗೆ ನಮಗೆ ಕೊಟ್ಟ ವಿಷಯ 'ಓದುವ ಮಕ್ಕಳು, ಬೆಳೆಯುವ ನಾಡು'. ನವೆಂಬರ್ ಎಂದರೆ ಸರ್ಕಾರದ ಓದುವ ತಿಂಗಳಲ್ಲವೇ, ಎಲ್ಲೆಲ್ಲೂ ಅದೇ. ನನಗೆ ನಗು ತಡೆಯಲಾಗಲಿಲ್ಲ. ಕಾವಲಿದ್ದವರು ದಿಟ್ಟಿಸಿ ನೋಡಿದರು.

ನಿನ್ನ ಮಾತು ನೆನಪಿತ್ತು. ಮೊದಲ ಹಾಳೆಯಲ್ಲಿ ಓದಿನ ಮಹಿಮೆ ಬರೆಯತೊಡಗಿದೆ. ಬರೆಯುತ್ತಾ ಹೋದರೆ ಅದು ಶ್ರೀಮಂತ ಗ್ರಂಥಾಲಯದ ಹಾಗೆಯೇ ಓದಿಸಿಕೊಳ್ಳತೊಡಗಿತು. ಆ ಹಾಳೆಯನ್ನು ಮಡಚಿ ಕೂತುಕೊಂಡೆ, ಅದರ ಮೇಲೆಯೇ. ಇನ್ನೊಂದು ತಗೊಂಡು ಲಾರಿಯ ಬಗ್ಗೆ, ಪೆಟ್ಟಿಗೆಗಳ ಬಗ್ಗೆ, ಉಬ್ಬಿದ ಸಂಪುಟದ ಬಗ್ಗೆ, ಅಂಟಿಕೊಂಡ ಪುಟಗಳ ಬಗ್ಗೆ ಬರೆದೆ. ದ್ವೀಪದ್ದೂ ಬರೆದೆ ನಾನಾಯ್. ಅದಿಲ್ಲದೆ ನಿಜ ಅರ್ಧವಾಗುತ್ತಿತ್ತು. ಮುಗಿದ ಮೇಲೆ ಕೆಳಗೆ ನನ್ನ ಹೆಸರು ಬರೆದೆ. ಮರೆತು ಬರೆದದ್ದಲ್ಲ. ಪೂರ್ತಿ ಹೆಸರು, ಶಾಲೆಯ ಹೆಸರು, ಎರಡು ಸಲ ಒತ್ತಿ.

ಗೇಟಿನಲ್ಲಿ ಮ್ಯಾಮ್ ಇಂಪೀರಿಯಲ್ ನನ್ನ ಮುಖ ನೋಡಿಯೇ ಕಂಡುಹಿಡಿದರು.

"ಹೆಸರು ಬರೆದ್ಯಾ?"

"ಬರೆದೆ ಮ್ಯಾಮ್."

"ಹತ್ತು ಸಲ ಹೇಳಿದ್ದೆ ನಿಂಗೆ."

"ಹತ್ತು ಸಲಾನೂ ಕೇಳಿಸ್ತು."

ಅವರು ಅಲ್ಲೇ ಬೇಲಿಯ ಪಕ್ಕ ಕೂತುಬಿಟ್ಟರು. ಅತ್ತೇಬಿಡುತ್ತಾರೆ ಎಂದುಕೊಂಡೆ. ಚೀಲದಿಂದ ಬೀಸಣಿಗೆ ತೆಗೆದು ಬೀಸಿಕೊಂಡರು, ಅಷ್ಟೇ.

ಬಹುಮಾನದ ಸಂಜೆ ನಾನು ಅಂಗಳದಲ್ಲಿ ಬೇಯಿಸಿದ ಜೋಳ ತಿನ್ನುತ್ತಿದ್ದೆ. ಕೋಲು ಹಿಡಿದ ಮುದುಕರೊಬ್ಬರು, "ಬೊರ್ಬೆ ಯಾರಮ್ಮ?" ಎಂದು ಕೇಳುತ್ತಾ ಬಂದರು. ಇಸಿಡ್ರೋ ನುಯ್ಡಾ, ಸಾನ್ ಗಾಬ್ರಿಯೆಲ್ ಪಕ್ಕದ ನಗರದಲ್ಲಿ ಒಂದು ವಾರಪತ್ರಿಕೆ ನಡೆಸುತ್ತಾರೆ, ತೀರ್ಪುಗಾರರಲ್ಲಿ ಒಬ್ಬರು. ಎಲ್ಲರಿಗೂ ಅವರು ಲೋಲೋ, ಸ್ವಂತ ಅಜ್ಜನ ಹಾಗೆ.

"ನಾನೇ ಲೋಲೋ."

"ನಿಯಮ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ನಮ್ಮ ಶಾಲೇಲಿ ಒಂದು ಸುಳ್ಳಿನ ಕೆಳಗೆ ನನ್ನ ಹೆಸರು ಹಾಕಿದ್ದಾರೆ. ನಿಜದ ಕೆಳಗೂ ಒಂದ್ಸಲ ಇರ್ಲಿ ಅಂತ ಬರ್ದೆ."

"ಮೊದಲನೇ ಬಹುಮಾನಕ್ಕಿಂತ ನಿಂದೇ ಚೆನ್ನಾಗಿತ್ತು ಅಂತ ನಾನೇನೂ ಹೇಳಲ್ಲ" ಎಂದರು. "ಎರಡನೇ ಪ್ಯಾರಾ ವಿಪರೀತ ಉದ್ದ. ಆದ್ರೆ ಔಟ್ ಆದ ಕಾಗದಗಳನ್ನ ಓದೋದು ನನ್ನ ಹಳೇ ಚಟ. ಪೇಪರಿಗೆ ಹಾಕೋದಾದ್ರೆ ಜನವರೀಲಿ ಬಾ."

ಬಸ್ಸಿನಲ್ಲಿ ಮ್ಯಾಮ್ ನನ್ನ ಪಕ್ಕದಲ್ಲೇ ಕೂತರು. ಮಧ್ಯದಲ್ಲಿ ಬಸ್ಸು ನಿಂತಾಗ ತೆಂಗಿನಹಾಲಿನ ಅಂಟಕ್ಕಿ ಕಡುಬು ಕೊಂಡು, ಎಲೆ ಬಿಡಿಸಿ, ಅರ್ಧ ನನ್ನ ತೊಡೆಯ ಮೇಲಿಟ್ಟು ಕಿಟಕಿಯ ಕಡೆ ತಿರುಗಿದರು.

ಪದಕ ಇಲ್ಲ. ನನಗೆ ಬೇಜಾರಿಲ್ಲ ಎಂದರೆ ಸುಳ್ಳು. ಆದರೆ ನಾಚಿಕೆಯಂತೂ ಇಲ್ಲ.

ನಿನ್ನ ಸೆಲಿ


ಸಾಂತಾ ಇನೆಸ್ ದ್ವೀಪ
15 ಡಿಸೆಂಬರ್ 1996

ಆರಾಸೆಲಿ,

ಪತ್ರ ತಲುಪಿತು. ಸಮುದ್ರ ಕೆಟ್ಟಿದೆ. ಕ್ರಿಸ್‌ಮಸ್‌ಗೆ ದೋಣಿ ಬಿಡುವುದಿಲ್ಲ ಎಂದು ತೊಮಾಸ್ ಹೇಳುತ್ತಾನೆ. ಲೂದ್‌ಳ ಮನೆಯಲ್ಲೇ ಇರು.

ಏನು ಬರೆಯಲಿ ಎಂದು ಕೂತರೆ ಬೈಗುಳವೇ ಬರುತ್ತದೆ. ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ನಾನಾಯ್


ಸಾನ್ ಗಾಬ್ರಿಯೆಲ್
12 ಜನವರಿ 1997

ನಾನಾಯ್,

ನೀನು ಪೂರ್ತಿ ಹೆಸರು ಹಿಡಿದು ಕರೆದಾಗಲೇ ನನಗೆ ಗೊತ್ತಾಯಿತು. ಬೈದಿದ್ದರೆ ಚೆನ್ನಾಗಿತ್ತು.

ನಿನ್ನೆ ಲೋಲೋ ಇಸಿಡ್ರೋ ಅವರ ಪತ್ರಿಕೆಯ ಕಚೇರಿಗೆ ಹೋಗಿದ್ದೆವು. ತೀತಾ ಲೂದ್ ಚರ್ಚಿಗೆ ಉಡುವ ಬಟ್ಟೆ ಉಟ್ಟು ಬಂದಿದ್ದಳು. ಪತ್ರಿಕೆಯ ಕಚೇರಿ ಎಂದರೆ ಗಾಜಿನ ಬಾಗಿಲು ಇರುತ್ತದೆ ಎಂದುಕೊಂಡಿದ್ದಳಂತೆ. ಪಾನ್ಸಿತ್ ಶಾವಿಗೆ ಮಾಡುವ ಹೋಟೆಲಿನ ಮಹಡಿಯ ಮೇಲೆ ಎರಡು ಮೇಜು, ಕೆಳಗೆ ಹಿತ್ತಲಲ್ಲಿ ಮುದ್ರಣದ ಯಂತ್ರ. ಮೆಟ್ಟಿಲಲ್ಲಿ ಶಾಯಿ ಮತ್ತು ಬೆಳ್ಳುಳ್ಳಿ ಎರಡೂ ಒಟ್ಟಿಗೆ ಮೂಗಿಗೆ ಬರುತ್ತವೆ. ನನಗೆ ಹಸಿವೂ ಆಯಿತು, ಖುಷಿಯೂ ಆಯಿತು.

ಹೊಸದಾಗಿ ಬರೆದುಕೊಂಡು ಹೋಗಿದ್ದೆ. ಎರಡನೇ ಪ್ಯಾರಾ ಚಿಕ್ಕದು ಮಾಡಿ, ದ್ವೀಪದ ಭಾಗ ತೆಗೆದಿದ್ದೆ. ಲೋಲೋ ಓದಿ ಕನ್ನಡಕ ಕೆಳಗಿಟ್ಟರು.

"ನಾಗಾದಲ್ಲಿ ಒಂದು ದ್ವೀಪ ಇತ್ತಲ್ಲ, ಮುಳುಗೋಯ್ತಾ?"

"ನಮ್ಮಮ್ಮ ಅಲ್ಲಿ ಟೀಚರ್. ಹಂಗಾಮಿ."

"ಹಾಗಾದ್ರೆ ನಿನ್ನ ಹೆಸರೂ ಬೇಡ. 'ಒಬ್ಬ ವಿದ್ಯಾರ್ಥಿನಿ' ಅಂತ ಹಾಕ್ತೀನಿ. ಬೊರ್ಬೆ ಅಂದ್ರೆ ಯಾರ ಮಗಳು ಅಂತ ಕಚೇರಿಯವರಿಗೆ ಗೊತ್ತಾಗಲ್ವಾ?"

"ಹೆಸರಿಲ್ದೆ ಕೊಡಲ್ಲ ಲೋಲೋ."

ತೀತಾ ಲೂದ್ ನನ್ನ ತೋಳು ಚಿವುಟಿ, "ಹಠಕ್ಕೂ ಒಂದು ಮಿತಿ ಇರ್ಬೇಕು. ನಿಮ್ಮಮ್ಮನ ಅನ್ನ ಕಣೇ ಅದು" ಎಂದಳು.

ಚಿವುಟಿದ್ದು ನೋಯಲಿಲ್ಲ, ಮಾತು ನೋಯಿಸಿತು. ಅವಳು ಹೇಳಿದ್ದು ಸರಿ. ಹೆಸರು ನನ್ನದೊಂದೇ ಅಲ್ಲ, ಬೊರ್ಬೆ ನಿನ್ನದೂ ಹೌದು. ಅದಕ್ಕೇ ಕಾಗದವನ್ನು ಲೋಲೋ ಬಳಿ ಬಿಟ್ಟು, ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದು ಬಂದೆ. ನೀನು ಬೇಡ ಎಂದರೆ ಅದು ಅವರ ಡ್ರಾಯರಿನಲ್ಲೇ ಇರುತ್ತದೆ. ನಾನು ಮುಖ ಊದಿಸಿಕೊಳ್ಳುತ್ತೇನೆ, ಆದರೆ ಹಿಂದಿನಿಂದ ಏನೂ ಮಾಡುವುದಿಲ್ಲ. ಹಾಕು ಎಂದರೆ ಹೆಸರು ಹಾಕಿಯೇ ಹಾಕುತ್ತೇನೆ. 'ಒಬ್ಬ ವಿದ್ಯಾರ್ಥಿನಿ' ಎಂಬವಳು ನನಗೆ ಗೊತ್ತಿಲ್ಲ.

ನಿನ್ನ ಸೆಲಿ


ಸಾಂತಾ ಇನೆಸ್ ದ್ವೀಪ
26 ಜನವರಿ 1997

ನೆನೆ,

ಹಾಕಿಸು.

ದ್ವೀಪವನ್ನು ಮುಳುಗಿಸಲು ನಿನಗೆ ಹೇಳಿದವರಾರು? ಅದನ್ನು ತಿರುಗಿ ಸೇರಿಸು. ಪುಸ್ತಕ ಒಣಗಿಸಿದವಳು ಪುರಿತಾ ಬೊರ್ಬೆ ಎಂದು ಬರಿ. ಬಿಸಿಲಿನಲ್ಲಿ ತಗಡು ಹತ್ತಿ ಅಂಗಾಲು ಸುಟ್ಟುಕೊಂಡವಳು ನಾನು.

ನಾನು ಒಂದೇ ದಿನದಲ್ಲಿ ಧೈರ್ಯವಂತೆ ಆದೆ ಎಂದುಕೊಳ್ಳಬೇಡ. ನಿನ್ನ ಪತ್ರ ಮೇಜಿನ ಮೇಲಿಟ್ಟು ಹಲವು ದಿನ ಸುತ್ತ ತಿರುಗಿದೆ. ಕಳೆದ ವಾರ ತರಗತಿಯಲ್ಲಿ ಮಾರ್ಚಿನ ತಪಾಸಣೆಯ ಮಾತು ಬಂತು. ತೊಮಾಸನ ಕೊನೆಯ ಮಗಳು ಎಸ್ತರ್ ಎದ್ದು ನಿಂತು, "ಟೀಚರ್, ಈ ಸಲಾನೂ ಪುಸ್ತಕಗಳು ಬರ್ತಾವಾ?" ಎಂದಿತು. ಬರುತ್ತವೆ ಎಂದೆ. "ನಾನು ಮುಟ್ಟಲ್ಲ ಟೀಚರ್. ಹತ್ರ ನಿಂತು ನೋಡ್ಲಾ? ಅಷ್ಟೇ ಸಾಕು" ಎಂದಿತು. ನಾನು ಇಷ್ಟು ವರ್ಷ ಈ ಮಕ್ಕಳಿಗೆ ಕಲಿಸಿದ್ದು ಪುಸ್ತಕ ಮುಟ್ಟಬಾರದು ಎನ್ನುವುದನ್ನೇ. ಕಾಯಂ ಆದರೆ ಇನ್ನೂ ಇಪ್ಪತ್ತು ವರ್ಷ ಅದನ್ನೇ ಕಲಿಸಬೇಕು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ನೀರಿಗೆ ಇಳಿದ ಮೇಲೆ ಚಳಿಯೇನು ಮಳೆಯೇನು. ಪತ್ರಿಕೆ ಬಂದ ಮೇಲೆ ಎರಡು ಪ್ರತಿ ಕಳಿಸು. ಗೋಡೆಯಲ್ಲಿ ಬಣ್ಣ ಹೋದ ಜಾಗ ಹಾಗೆಯೇ ಇದೆ.

ನಿನ್ನ ನಾನಾಯ್


ಸಾನ್ ಗಾಬ್ರಿಯೆಲ್
16 ಫೆಬ್ರವರಿ 1997

ನಾನಾಯ್,

ಎರಡು ಪ್ರತಿ ಈ ಪತ್ರದ ಜತೆ ಇವೆ. ಎರಡನೇ ಪುಟ. ಆರಾಸೆಲಿ ಬೊರ್ಬೆ. ಈ ಸಲ ಹೆಸರಿನ ಮೇಲಿರುವುದೂ ನನ್ನದೇ. ನಿನ್ನ ಹೆಸರು ಮೂರನೇ ಪ್ಯಾರಾದಲ್ಲಿ ಸಿಗುತ್ತದೆ, ಅಂಗಾಲಿನ ಸಮೇತ.

ಶಾಲೆಯಲ್ಲಿ ಆದದ್ದನ್ನು ಮುಚ್ಚಿಡುವುದಿಲ್ಲ. ನನ್ನನ್ನು ಪತ್ರಿಕೆಯಿಂದ ತೆಗೆದಿದ್ದಾರೆ. ಮುಖ್ಯೋಪಾಧ್ಯಾಯರು ನನ್ನನ್ನೂ ಮ್ಯಾಮ್ ಇಂಪೀರಿಯಲ್‌ರನ್ನೂ ಎದುರಿಗೆ ನಿಲ್ಲಿಸಿ, ಕ್ಷಮೆ ಕೇಳುವ ಒಂದು ಲೇಖನವನ್ನು ನನ್ನ ಹೆಸರಿನಲ್ಲಿ ಬರೆದುಕೊಡಿ ಎಂದು ಮ್ಯಾಮ್‌ಗೆ ಹೇಳಿದರು. ಮ್ಯಾಮ್ ಬೀಸಣಿಗೆ ಬೀಸುತ್ತಲೇ ಇದ್ದರು.

"ಆ ಹುಡುಗಿ ಹೆಸರಲ್ಲಿ ಇನ್ನೊಂದ್ಸಲ ಯಾರೂ ಏನೂ ಬರಿಯಲ್ಲ ಸರ್" ಎಂದರು. "ಬೇಕಾದ್ರೆ ನನ್ನ ಹೆಸರಲ್ಲಿ ನಾನು ಒಂದು ಬರಿತೀನಿ. ಅದು ನಿಮಗೆ ಇನ್ನೂ ಇಷ್ಟ ಆಗಲ್ಲ."

ಈಗ ಮಧ್ಯಾಹ್ನದ ಊಟಕ್ಕೆ ಇಬ್ಬರೂ ಒಟ್ಟಿಗೆ ಕೂರುತ್ತೇವೆ. ಬೇರೆ ಯಾರೂ ನಮ್ಮ ಬಳಿ ಕೂರುವುದಿಲ್ಲ, ಹಾಗಾಗಿ ಜಾಗ ಧಾರಾಳವಾಗಿದೆ.

ಒಂದು ಸುದ್ದಿ ಇದೆ, ಎಚ್ಚರವಾಗಿರು. ಲೇಖನ ಓದಿ ಮನಿಲಾದವರು ಸಾಂತಾ ಇನೆಸ್‌ಗೇ ಬಂದು ನೋಡುತ್ತಾರಂತೆ. ಕಚೇರಿಯವರು ನನ್ನನ್ನು ಸುಳ್ಳಿ ಎಂದು ತೋರಿಸಲು ಇದ್ದಬದ್ದ ಪುಸ್ತಕಗಳನ್ನೆಲ್ಲ ನಿನ್ನಲ್ಲಿಗೆ ಸಾಗಿಸುತ್ತಿದ್ದಾರೆ ಎಂದು ಲೋಲೋ ಹೇಳಿದರು. ನೀನು ಏನು ಹೇಳಬೇಕೆಂದು ನಾನು ಹೇಳುವುದಿಲ್ಲ. ನಾನು ಹೇಳಬೇಕಾದ್ದನ್ನು ಹೇಳಿಯಾಗಿದೆ. ನಿನಗೆ ಕೆಲಸ ಮುಖ್ಯವೆನಿಸಿದರೆ ಪುಸ್ತಕಗಳು ನಮ್ಮವೇ ಎಂದುಬಿಡು, ನಾನು ತಪ್ಪು ತಿಳಿಯುವುದಿಲ್ಲ.

ನಿನ್ನ ಸೆಲಿ


ಸಾಂತಾ ಇನೆಸ್ ದ್ವೀಪ
16 ಮಾರ್ಚ್ 1997

ನೆನೆ,

ನೀನು ಹೇಳಿದ ಹಾಗೆಯೇ ಮಾಡಿದೆ. ಪುಸ್ತಕಗಳು ನಮ್ಮವೇ ಎಂದೆ.

ತಡಿ, ಪತ್ರವನ್ನು ಮಡಚಬೇಡ, ಪೂರ್ತಿ ಓದು.

ತೊಮಾಸನ ದೋಣಿ ಎರಡು ಸಲ ಓಡಾಡಿ ಪೆಟ್ಟಿಗೆಗಳನ್ನು ತಂದಿತು. ಇಷ್ಟು ಪುಸ್ತಕ ಯಾವತ್ತೂ ಬಂದಿರಲಿಲ್ಲ. ಎಲ್ಲದರ ಮೇಲೂ ನಮ್ಮ ಶಾಲೆಯ ಮುದ್ರೆ ಒತ್ತಿಸಿದ್ದರು. ಅಷ್ಟು ಜಾಗ್ರತೆ ಅವರದು. ಸೂಪರಿಂಟೆಂಡೆಂಟರು ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ, "ಟೀಚರ್, ನಿಮ್ಮ ಕಾಯಂ ಕಾಗದಕ್ಕೆ ನನ್ನ ಸಹಿ ಒಂದೇ ಬಾಕಿ. ಮಗಳು ಚಿಕ್ಕವಳು, ಬಿಡಿ. ಕೇಳಿದ್ರೆ ಪುಸ್ತಕ ಶಾಲೇದೇ ಅನ್ನಿ" ಎಂದರು. ಆಗಲಿ ಸರ್ ಎಂದೆ.

ಮನಿಲಾದ ಮಹಿಳೆ ಬಂದರು. ದೋಣಿಯಲ್ಲಿ ವಾಂತಿ ಮಾಡಿಕೊಂಡು ಬಿಳಿಚಿಹೋಗಿದ್ದರೂ ಕಣ್ಣು ಚುರುಕಾಗಿತ್ತು. ಮಕ್ಕಳೆಲ್ಲ ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಹೊರಗೆ ಕಿಟಕಿಯಲ್ಲಿ ಅರ್ಧ ಊರು. ಮಹಿಳೆ ಎಲ್ಲರಿಗೂ ಕೇಳುವಂತೆ, "ಈ ಪುಸ್ತಕಗಳು ಯಾರವು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸೂಪರಿಂಟೆಂಡೆಂಟರು, "ಶಾಲೇವೇ ಮ್ಯಾಮ್. ಈ ಮಕ್ಕಳವೇ. ಯಾವಾಗ್ಲೂ ಇಲ್ಲೇ ಇರ್ತಾವೆ. ಬೇಕಾದ್ರೆ ಟೀಚರ್‌ನೇ ಕೇಳಿ" ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ನೆನೆ, ನಿನ್ನ ಹಾಗೆ ನಾನು ಹುಟ್ಟಾ ಜಗಳಗಂಟಿಯಲ್ಲ.

"ಇವತ್ತು ಬೆಳಗ್ಗೆವರೆಗೆ ಇವು ನಮ್ಮವಾಗಿರ್ಲಿಲ್ಲ ಮ್ಯಾಮ್" ಎಂದೆ. "ನನ್ನ ಮಗಳು ಬರ್ದಿದ್ದು ಅಕ್ಷರ ಅಕ್ಷರ ನಿಜ. ಆದ್ರೆ ಸರ್ ಈಗ ನಿಮ್ಮೆದುರು, ಊರಿನವರೆದುರು ಮಕ್ಕಳವೇ ಅಂದ್ರಲ್ಲ. ಅವರ ಮಾತನ್ನ ಇಲ್ಲ ಅನ್ನೋಕೆ ನಾನ್ಯಾರು? ಮಕ್ಕಳೇ, ಕೇಳಿಸ್ತಲ್ಲ? ಒಬ್ಬೊಬ್ರು ಒಂದೊಂದು ತಗೊಳ್ಳಿ. ಮನೆಗೆ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಸ್ತರ್ ಬಂತು. ಪುಸ್ತಕದ ಎದುರು ಕೈ ಹಿಂದೆ ಕಟ್ಟಿಕೊಂಡು ನಿಂತಿತು. "ಮುಟ್ಟು" ಎಂದೆ. ಮುಟ್ಟಿತು. ಅಷ್ಟಾದ ಮೇಲೆ ಕಪಾಟು ಖಾಲಿಯಾಗುವುದಕ್ಕೆ ಎಷ್ಟು ಹೊತ್ತು ಬೇಕು? ಮನಿಲಾದವರು ನಕ್ಕು, ಸೂಪರಿಂಟೆಂಡೆಂಟರ ಕೈ ಕುಲುಕಿ, ಇಂಥ ಔದಾರ್ಯವನ್ನು ವರದಿಯಲ್ಲಿ ಬರೆಯುತ್ತೇನೆ ಎಂದರು. ಆ ಮಹಿಳೆಗೆ ಎಲ್ಲ ಅರ್ಥವಾಗಿತ್ತು. ಇನ್ನೊಬ್ಬರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು, ಯಾರದೆಂದು ನಿನಗೆ ಗೊತ್ತು.

ಮರುದಿನ ಕಚೇರಿಯ ಗುಮಾಸ್ತ ಪೆಟ್ಟಿಗೆಗಳಿಗಾಗಿ ಬಂದ. ಖಾಲಿ ಕಳಿಸಬಾರದಲ್ಲ, ಒಣಮೀನು ತುಂಬಿಸಿ ಕಳಿಸಿದೆ. "ಪುಸ್ತಕ ಯಾರು ಕೊಟ್ರು ಅಂತ ಕೇಳಿದ್ರೆ ಏನು ಹೇಳ್ಲಿ ಟೀಚರ್?" ಎಂದ. ಪುರಿತಾ ಬೊರ್ಬೆ ಎಂದು ಒಂದು ಚೀಟಿಯಲ್ಲಿ ಬರೆದು ಅವನ ಜೇಬಿಗೆ ಹಾಕಿದೆ.

ಕಾಯಂ ಹುದ್ದೆ ಬರಲಿಲ್ಲ. ಜೂನ್‌ನಲ್ಲಿ ಕರೆಯುವುದೂ ಇಲ್ಲ ಎಂದು ಕಾಗದ ಬಂದಿದೆ. ಒಂದು ಸಂಜೆ ಅತ್ತುಬಿಟ್ಟೆ. ಊರಿನವರು ಸೇರಿ ಮನಿಲಾಗೆ ಅರ್ಜಿ ಬರೆದಿದ್ದಾರೆ. ಹೆಬ್ಬೆಟ್ಟು ಒತ್ತುವವರೂ ಈ ಸಲ ಮಕ್ಕಳ ಕೈಯಲ್ಲಿ ತಮ್ಮ ಹೆಸರು ಬರೆಸಿದರು. ಏನಾಗುತ್ತದೋ ನೋಡೋಣ. ಅಲ್ಲಿಯವರೆಗೆ ತೊಮಾಸನ ಹೆಂಡತಿಯ ಜತೆ ಮೀನು ಒಣಗಿಸುತ್ತೇನೆ. ಒಣಗಿಸುವುದರಲ್ಲಿ ನನ್ನ ಕೈ ಪಳಗಿದ್ದೇ.

ಉಬ್ಬಿದ ಸಂಪುಟ ಎಸ್ತರ್ ಪಾಲಿಗೆ ಬಂತು. ತೊಮಾಸ್ ಮೀನು ಸೀಳುವ ತೆಳು ಚಾಕುವಿನಿಂದ ಅಂಟಿದ ಪುಟಗಳನ್ನು ಒಂದೊಂದಾಗಿ ಬಿಡಿಸಿಕೊಟ್ಟ. ಒಂದೂ ಹರಿಯಲಿಲ್ಲ. ಚಂದ್ರ ಆದ ಮೇಲೆ ಏನಿದೆ ಎಂದು ನೀನು ಇಡೀ ಬೇಸಿಗೆ ನನ್ನ ಪ್ರಾಣ ತಿಂದಿದ್ದೆ. ನಾನು ನೋಡಿದೆ, ಹೇಳುವುದಿಲ್ಲ. ರಜೆಗೆ ಬಾ. ನಾನು ಎಸ್ತರ್‌ಳನ್ನು ಕೇಳಿದೆ, ಸೆಲಿಗೆ ಮೊದಲು ಕೊಡುತ್ತೀಯಾ ಎಂದು.

"ಪೇಪರಲ್ಲಿ ಹೆಸರು ಬಂದ್ರೆ ಏನಂತೆ ಟೀಚರ್" ಎಂದಿತು. "ಅಕ್ಕ ಸಾಲಲ್ಲಿ ನಿಂತ್ಕೋಬೇಕು."

ನಿನ್ನ ನಾನಾಯ್,
ಪುರಿತಾ ಬೊರ್ಬೆ